ಬೂತಾಯಿಗೆ ಅಂಗಿ ಅಳತೆ

ಮೊನ್ನೆ ಬೆಳಿಗ್ಗೆ ಐದೂವರೆಗೆ ಮೀನು ಇಳಿಸುವ ದಕ್ಕೆಗೆ ಹೋಗಿದ್ದೆ. ಹರಾಜಿನ ಗಲಾಟೆಯ ನಡುವೆ ಸಂಶೋಧನೆಯ ಹುಡುಗನೊಬ್ಬ ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದೆ ಅಳತೆಯ ಹಲಗೆ, ಪಕ್ಕದಲ್ಲಿ ಒಂದು ಬುಟ್ಟಿ ಬೂತಾಯಿ. ಮೀನಿನ ಮೂತಿಯನ್ನು ಸೊನ್ನೆಗೆ ಒತ್ತಿ ಹಿಡಿದು, ಬಾಲವನ್ನು ನೀವಿ ನೇರ ಮಾಡಿ, ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಹೊಟ್ಟೆ ಸೀಳಿ, ಮೊಟ್ಟೆ ಎಷ್ಟು ಬಲಿತಿದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಒಂದು ಮೀನಿಗೆ ಎರಡು ನಿಮಿಷವಾದರೂ ಬೇಕು.

ಅವನ ಬೆನ್ನ ಹಿಂದೆ ಲಾರಿಯೊಂದಕ್ಕೆ ಸಲಿಕೆಯಲ್ಲಿ ಮೀನು ತುಂಬುತ್ತಿದ್ದರು. ಬೆರಳುದ್ದದ ಮರಿಗಳು, ಯಾವ ಜಾತಿ ಎಂದು ಹೇಳಲಾಗದಷ್ಟು ನುಜ್ಜುಗುಜ್ಜಾದವು. ಅದು ಹೋಗುವುದು ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಅಳತೆಯ ಹಲಗೆ ಇರುವುದಿಲ್ಲ, ಗೇಟಿನಲ್ಲೇ ಲಾರಿ ತೂಗುವ ವೇಬ್ರಿಜ್ ಇರುತ್ತದೆ. ನಮ್ಮ ಬೂತಾಯಿ ಪುಡಿಯಾಗಿ ಆಂಧ್ರದ ಸಿಗಡಿ ಕೆರೆಗೆ ಬಿದ್ದು, ಸಿಗಡಿಯ ಹೊಟ್ಟೆಯಲ್ಲಿ ಕೂತು ಅಮೆರಿಕಕ್ಕೆ ಹೋಗುತ್ತದೆ. ಊರಿನ ಹುಡುಗರಿಗೆ ಅಷ್ಟು ಬೇಗ ವೀಸಾ ಸಿಗುವುದಿಲ್ಲ.

ಮರಿ ಮೀನು ಹಿಡಿಯಬಾರದು ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳುತ್ತಲೇ ಇದೆ. ಆ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಸ್ವತಂತ್ರ ಭಾರತದಷ್ಟೇ ವಯಸ್ಸು, ಹಾಗಾಗಿ ಅದರ ಮಾತಿಗೂ ಮನೆಯ ಹಿರಿಯರ ಮಾತಿಗೆ ಸಿಗುವಷ್ಟೇ ಮರ್ಯಾದೆ. ಅದರ ಸಲಹೆ ಕೇಳಿ ಕೇರಳದವರು 2015ರಲ್ಲಿ ಕನಿಷ್ಠ ಅಳತೆಯನ್ನು ನಿಯಮವಾಗಿಯೇ ಬರೆದುಕೊಂಡರು: ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಒಳ್ಳೆಯದೇ. ಆದರೆ ಬೂತಾಯಿ ಮೊದಲ ಸಲ ಮೊಟ್ಟೆಗೆ ಬಲಿಯುವುದು ಸುಮಾರು 15 ಸೆಂಟಿಮೀಟರ್ ಆದಾಗ. ಅಂದರೆ ಸಾರಿನ ಪಾತ್ರೆ ಸೇರುವ ವಯಸ್ಸು ಮೊದಲು, ಮದುವೆಯ ವಯಸ್ಸು ಆಮೇಲೆ. ವಿಜ್ಞಾನಿಗಳು ಲೆಕ್ಕ ತಪ್ಪಿದರು ಎಂದು ನಾನು ಹೇಳುವುದಿಲ್ಲ. ಎಷ್ಟು ಕೇಳಿದರೆ ಕೊಟ್ಟಾರು ಎಂದು ಮುಖ ನೋಡಿ ಕೇಳಿದ ಅಳತೆ ಇದು ಎಂಬುದು ನನ್ನ ಅನುಮಾನ.

ಇನ್ನು ಮಳೆಗಾಲದ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ನೆಮ್ಮದಿಯಾಗಿರಲಿ ಎಂದು. ಮಳೆ ತಡವಾದರೆ, ನೀರು ಬಿಸಿಯಾಗಿದ್ದರೆ ಮೀನಿನ ಬಸಿರೂ ಹಿಂದೆ ಮುಂದೆ ಆಗುತ್ತದೆ, ಆದರೆ ಕಡತದ ತಾರೀಕು ಆಗುವುದಿಲ್ಲ. ಆಗಸ್ಟ್ 1ಕ್ಕೆ ರಜೆ ಮುಗಿಯಿತು. ಹಾಲು ಹೂವು ತೆಂಗಿನಕಾಯಿ ಅರ್ಪಿಸಿ ಸಮುದ್ರರಾಜನಿಗೆ ಕೈ ಮುಗಿದು, ಕರರಹಿತ ಡೀಸೆಲ್ ತುಂಬಿಸಿಕೊಂಡು, ಬಂದರಿನ ಬೋಟುಗಳೆಲ್ಲ ಸಾಲುಗಟ್ಟಿ ಹೊರಡುತ್ತವೆ. ಜೂನ್‌ನಲ್ಲಿ ಹುಟ್ಟಿದ ಮರಿ ಆಗ ಇನ್ನೂ ಮರಿಯೇ. ಬಾಣಂತಿಗೆ ಎರಡು ತಿಂಗಳು ಎಣ್ಣೆನೀರು ಹಾಕಿ, ತೊಟ್ಟಿಲ ಶಾಸ್ತ್ರದ ದಿನ ಮಗುವನ್ನು ಲಾರಿಗೆ ಹಾಕಿದಂತೆ.

ಬೆಳಕು ಹಾಕಿ ಮೀನು ಹಿಡಿಯುವುದನ್ನೂ, ಎರಡು ಬೋಟು ಜೋಡಿಯಾಗಿ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ನಿಷೇಧ ಎಷ್ಟು ಪ್ರಕಾಶಮಾನವಾಗಿದೆ ಎಂದು ನೋಡಲು ರಾತ್ರಿ ದಡದಲ್ಲಿ ನಿಂತರೆ ಸಾಕು, ಕಡಲ ನಡುವೆ ಇನ್ನೊಂದು ಪೇಟೆ ಎದ್ದಂತಿರುತ್ತದೆ. ಕೇಳಲು ಹೋದರೆ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ್ದು, ಅದರಾಚೆ ಕೇಂದ್ರದ್ದು. ನಾಡದೋಣಿಯವರು ಮನವಿ ಹಿಡಿದು ಹೋದಾಗಲೆಲ್ಲ ಬೆಳಕು ಸರಿಯಾಗಿ ಗೆರೆಯ ಆಚೆಗೇ ಇರುತ್ತದಂತೆ.

ಹೀಗಿದ್ದೂ ಬೂತಾಯಿ ಒಂದು ದಿನ ಮಾಯವಾಯಿತು. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಸಿಕ್ಕಿದ್ದ ಮೀನು 2021ರಲ್ಲಿ 3,297 ಟನ್‌ಗೆ ಇಳಿಯಿತು. ಎಲ್ ನಿನೋ ಎಂಬ ಹವಾಮಾನದ ಏರುಪೇರಿನಿಂದ ಕಡಲು ಬಿಸಿಯಾದದ್ದೂ ಕಾರಣ, ಮರಿ ಹಿಡಿದದ್ದೂ ಕಾರಣ ಎಂದು ವಿಜ್ಞಾನಿಗಳು ಹೇಳಿದರು. ಇಂಥ ವರದಿಯನ್ನು ಓದುವುದರಲ್ಲಿ ನಮ್ಮವರು ಪಳಗಿದ್ದಾರೆ. ಮೊದಲರ್ಧಕ್ಕೆ ಅಡಿಗೆರೆ ಎಳೆಯುತ್ತಾರೆ, ಉಳಿದರ್ಧವನ್ನು ಸಮಿತಿಗೆ ಕಳಿಸುತ್ತಾರೆ. ಎಲ್ ನಿನೋಗೆ ಬೋಟಿಲ್ಲ, ಮತವಿಲ್ಲ, ಬೈದರೆ ರಸ್ತೆ ತಡೆ ಮಾಡುವುದಿಲ್ಲ. ಮೀನು ಹೆಚ್ಚು ಬಂದ ವರ್ಷ ಮಾತ್ರ ಅದು ಸರ್ಕಾರದ ಯೋಜನೆಯ ಫಲ.

ದಕ್ಕೆಯಲ್ಲಿ ಅಷ್ಟರಲ್ಲಿ ಬಿಸಿಲು ಏರಿತ್ತು. ಲಾರಿ ತುಂಬಿ, ನೀರು ಸೋರಿಸುತ್ತ ಹೊರಟೇ ಹೋಯಿತು. ಹುಡುಗ ಮೂವತ್ತನೆಯದೋ ನಲವತ್ತನೆಯದೋ ಬೂತಾಯಿಯ ಬಾಲ ನೀವುತ್ತಿದ್ದ. ಬುಟ್ಟಿ ಹೊತ್ತು ಬಂದ ಮೀನಿನ ಬಾಯಮ್ಮ ಒಂದು ಗಳಿಗೆ ನಿಂತು ನೋಡಿ ಕೇಳಿದಳು:

“ಅಷ್ಟು ಹೊತ್ತಿನಿಂದ ಅಳತೆ ತೆಗೆಯುತ್ತಿದ್ದೀರಲ್ಲ ಮಾರಾಯರೇ, ಅದಕ್ಕೆ ಅಂಗಿ ಹೊಲಿಸಲಿಕ್ಕಿದೆಯಾ?”