ಸ್ಪಷ್ಟನೆ: ಸಿರೋಸಿಸ್‌ನಲ್ಲಿ ಬಿಪಿ ಇಳಿದರೆ ಉಪ್ಪು ಮದ್ದಲ್ಲ

"ಲಿವರ್ ಸಿರೋಸಿಸ್ ಆದವರ ರಕ್ತನಾಳ ತಾವಾಗೇ ಸಡಿಲಾಗಿ ಬಿಪಿ ಇಳಿಯುತ್ತದೆ, ಗುಳಿಗೆ ಬಿಡಿ, ಉಪ್ಪು ಹಾಕಿದ ಲಿಂಬು ಶರಬತ್ತು ಕುಡಿಯಿರಿ" ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸಿರೋಸಿಸ್ ಎಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ. ಸಂದೇಶದ ಮೊದಲ ಮಾತು ಅರ್ಧ ನಿಜ. ಸಲಹೆಗಳೆರಡೂ ಅಪಾಯಕಾರಿ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಹೊರಬಿಟ್ಟು ನಾಳವನ್ನು ಸಡಿಲಿಸುತ್ತದೆ. ಸಿರೋಸಿಸ್‌ನಲ್ಲಿ ಕರುಳಿನ ಸುತ್ತಲಿನ ನಾಳಗಳಲ್ಲಿ ಇದು ಅತಿಯಾಗುತ್ತದೆ, ಕಲೆಗಟ್ಟಿದ ಲಿವರ್‌ನೊಳಗೆ ಕೊರತೆಯಾಗುತ್ತದೆ. ಕಾಲುವೆ ಅಗಲ, ಹೊಲಕ್ಕೆ ನೀರು ಬಿಡುವ ತೂಬು ಬಿಗಿ ಎಂದಂತೆ. ಹಾಗಾಗಿ ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ನಾಳದಲ್ಲಿ ಒತ್ತಡ ಏರುತ್ತದೆ. ಲಿವರ್‌ನ ಆಚೀಚೆಯ ಒತ್ತಡದ ಅಂತರ ಸಾಮಾನ್ಯವಾಗಿ 5 ಮಿ.ಮೀ. ಪಾದರಸ ಮೀರದು, 10 ಮುಟ್ಟಿದರೆ ಅನ್ನನಾಳದ ನಾಳಗಳು ಉಬ್ಬತೊಡಗಬಹುದು, 12 ದಾಟಿದರೆ ಒಡೆಯುವ ಭಯ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಇತ್ತ ನಾಳಗಳು ಸಡಿಲಾಗಿ ಬಿಪಿ ಇಳಿದಾಗ ಮೂತ್ರಪಿಂಡ, ರಕ್ತವೇ ಕಡಿಮೆಯಾಯಿತೆಂದು ಭಾವಿಸಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು ಹೀಗೆ. ಅದರ ಮೇಲೆ ಮತ್ತೆ ಉಪ್ಪು ಸುರಿಯುವುದೇ? ರೊಟ್ಟಿ ಜೊತೆಗಿನ ಉಪ್ಪಿನಕಾಯಿ, ಹಪ್ಪಳಕ್ಕೂ ಕಡಿವಾಣ ಬೇಕು.

ಪ್ರೊಪ್ರನೊಲಾಲ್, ಕಾರ್ವೆಡಿಲಾಲ್ ಗುಳಿಗೆಗಳನ್ನು ಇವರಿಗೆ ಕೊಡುವುದು ಬಹುತೇಕ ಪೋರ್ಟಲ್ ಒತ್ತಡ ಇಳಿಸಲು. ಬಿಪಿ ತೀರಾ ಕುಸಿದಾಗ ವೈದ್ಯರೇ ಕಡಿಮೆ ಮಾಡುತ್ತಾರೆ, ನಿಲ್ಲಿಸುವುದೂ ಉಂಟು. ಮನೆಯಲ್ಲಿ ಕೂತು ನೀವಾಗಿಯೇ ಬಿಡಬೇಡಿ. ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುವುದೂ ಬೇಡ, ಮೂತ್ರಪಿಂಡಕ್ಕೆ ಪೆಟ್ಟು.

ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಕುಂದಗೋಳವಿರಲಿ ನವಲಗುಂದವಿರಲಿ, ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.