ಹವಳಕ್ಕೂ ಕೊಳೆರೋಗ

ನಮ್ಮ ಸೋದರಮಾವನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಒಂದೇ ರೋಗ. ಕೊಳೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ರೋಗ ಅದು. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡೇ ತಲೆ ನೆರೆತವರು ಅವರು. ಮೊಬೈಲ್ ಚಾರ್ಜ್ ನಿಲ್ಲದಿದ್ದರೆ ಬ್ಯಾಟರಿಗೆ ಕೊಳೆ. ಪಕ್ಕದೂರಿನ ಹುಡುಗ ಪಿಯುಸಿಯಲ್ಲಿ ಡುಮ್ಕಿ ಹೊಡೆದರೆ ಅವನ ತಲೆಗೆ ಕೊಳೆ. ಮೊನ್ನೆ ಅಡಿಕೆ ಮಂಡಿ ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಬಂದವರು, ನಮ್ಮನೆ ಬಾಗಿಲಲ್ಲಿ ಕೊಡೆ ಮಡಚುವ ಮೊದಲೇ ಹಾಲ್‌ನಲ್ಲಿದ್ದ ಅಕ್ವೇರಿಯಂ ಟ್ಯಾಂಕ್ ನೋಡಿ ತೀರ್ಪು ಕೊಟ್ಟರು.

"ಎಂತ ಮಾರಾಯ, ನಿನ್ನ ಗಿಡಕ್ಕೆ ಕೊಳೆ ಹೊಡೆದಿದೆಯಲ್ಲ!"

"ಅದು ಗಿಡ ಅಲ್ಲ ಮಾವ, ಹವಳ. ಪ್ರಾಣಿ ಅದು."

"ಪ್ರಾಣಿ ಆದ್ರೆ ಇನ್ನೂ ಬೇಗ ಕೊಳೀತದೆ" ಅಂದರು, ಕಾಲು ತೊಳೆಯಲು ಬಚ್ಚಲಿಗೆ ಹೋದರು.

ಮಲೆನಾಡಿನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡವನ ಕಷ್ಟ ಹೇಳಿಕೊಳ್ಳೋಕೆ ಜಾಗ ಇಲ್ಲ. ಗಂಗಾ ಸ್ನಾನ, ತುಂಗಾ ಪಾನ ಅಂತ ಕೇಳಿಕೊಂಡು ಬೆಳೆದವರು ನಾವು. ಅಂಥ ತುಂಗೆಯ ನೀರನ್ನು ಆರ್‌ಓ ಯಂತ್ರಕ್ಕೆ ಬಿಟ್ಟು, ರುಚಿಯೆಲ್ಲ ತೆಗೆದು, ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ, ಸೊನ್ನೆಗೆ ಇಳಿಯಿತಾ ಅಂತ ನೋಡಿ, ಆಮೇಲೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ದುಬಾರಿ ಉಪ್ಪು ಕಲಸುವವನು ನಾನು. ಇದಕ್ಕೆ ಯಾವ ಪುರಾಣದಲ್ಲೂ ಪ್ರಾಯಶ್ಚಿತ್ತ ಇಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇನ್ನು ಬರುವ ನೆಂಟರೆಲ್ಲ ಕೇಳುವುದು ಒಂದೇ. "ಇಷ್ಟೆಲ್ಲ ಯಾಕೆ? ಮಲ್ಪೆಯಿಂದ ಎರಡು ಕ್ಯಾನ್ ಸಮುದ್ರದ ನೀರು ತರಿಸಬಾರದಾ?" ಮಳೆಗಾಲದಲ್ಲಿ ಹೊಳೆಗಳೆಲ್ಲ ಹೋಗಿ ಸೇರುವಾಗ ದಡದ ನೀರಲ್ಲಿ ಉಪ್ಪು ಎಷ್ಟಿರುತ್ತದೋ, ಬಂದರಿನ ಡೀಸೆಲ್ ಎಷ್ಟಿರುತ್ತದೋ ಅಂತ ವಿವರಿಸಲು ಹೋದರೆ, "ಮೀನು ಅಲ್ಲೇ ಬದುಕ್ತವಲ್ಲ?" ಅನ್ನುತ್ತಾರೆ. ಅಲ್ಲಿಗೆ ವಾದ ಮುಗಿಯಿತು.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಬೇರೆಯದೇ ಚಿಂತೆ. ದನಿ ತಗ್ಗಿಸಿ "ಫಾರೆಸ್ಟಿನವರು ಬರಲ್ವಾ?" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಸಮುದ್ರದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಅದನ್ನು ಮನೆಯಲ್ಲಿಡುವುದೂ ಒಂದೇ, ಹಿತ್ತಲಲ್ಲಿ ಹುಲಿ ಕಟ್ಟುವುದೂ ಒಂದೇ. ನಮ್ಮನೆಯಲ್ಲಿ ಇರುವುದು ಆ ಪಟ್ಟಿಗೆ ಸೇರದ ಮೆತ್ತನೆಯ ಹವಳ, ಲೆದರ್ ಕೋರಲ್. ಅಣಬೆಯ ಆಕಾರ. ಟೋಪಿಯ ಮೇಲೆಲ್ಲ ಸಣ್ಣ ಸಣ್ಣ ಪಾಲಿಪ್‌ಗಳು. ಒಂದೊಂದಕ್ಕೂ ಎಂಟು ಪುಟ್ಟ ಕೈ. ಎಲ್ಲ ಅರಳಿ ನೀರಿನ ಸೆಳೆತಕ್ಕೆ ತೂಗುತ್ತಿದ್ದರೆ ಆಫೀಸಿನ ಸಿಟ್ಟೆಲ್ಲ ಇಳಿದುಹೋಗುತ್ತದೆ.

ಅದು ಹೋದ ವಾರ ಮುಚ್ಚಿಕೊಂಡಿತು. ಪಾಲಿಪ್ ಒಂದೂ ಹೊರಗಿಲ್ಲ. ಮೈ ಕುಗ್ಗಿ ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಮೇಣ ಸವರಿದ ಹಾಗೆ ಹೊಳೆಯುವ ಪದರ ಬೇರೆ. ಹೊಸಬರು ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಬಾಟಲಿಯನ್ನೆಲ್ಲ ಸುರಿದು ಅದನ್ನು ನಿಜಕ್ಕೂ ಸಾಯಿಸುತ್ತಾರೆ. ಮೊದಲು ನೋಡಬೇಕಾದದ್ದು ನೀರು. ನೋಡಿದೆ. ಉಪ್ಪು 35ರಲ್ಲೇ ಇದೆ. ಹೀಟರ್ ದಯೆಯಿಂದ ಈ ಥಂಡಿಯಲ್ಲೂ ಶಾಖ 25 ಡಿಗ್ರಿ. ಕೆಎಚ್, ಅಂದರೆ ನೀರಿನ ಕ್ಷಾರದ ಪರೀಕ್ಷೆಗೆ ಕಿಟ್ಟಿನ ದ್ರಾವಣ ಹನಿ ಹನಿಯಾಗಿ ಬಿಟ್ಟರೆ ಎಂಟನೇ ಹನಿಗೆ ನೀಲಿ ಹೋಗಿ ಹಳದಿ ಬಂತು. ಅದೂ ಸರಿ. ಆಮೇಲೆ ಮೂಗಿನ ಪರೀಕ್ಷೆ. ಹವಳ ಕೊಳೆಯುತ್ತಿದ್ದರೆ ಅಂಚು ಕಪ್ಪಾಗಿ ಲೊಳೆ ಲೊಳೆ ಆಗುತ್ತದೆ, ಆ ನಾತಕ್ಕೆ ಮನೆ ಬಿಟ್ಟು ಓಡಬೇಕು. ಹಾಗೇನಾದರೂ ಇದ್ದರೆ ಕೊಳೆತ ಭಾಗ ಕತ್ತರಿಸಿ, ಅಯೋಡಿನ್ ನೀರಲ್ಲಿ ಅದ್ದಿ ಉಳಿಸಿಕೊಳ್ಳಬೇಕು. ಇಲ್ಲಿ ನಾತ ಇಲ್ಲ, ಲೊಳೆ ಇಲ್ಲ. ಇದು ಕಾಯಿಲೆಯೇ ಅಲ್ಲ. ಈ ಜಾತಿಯ ಹವಳ ಆಗಾಗ ಮೈಮೇಲಿನ ಪದರವನ್ನು, ಅದಕ್ಕೆ ಅಂಟಿದ ಪಾಚಿ, ಕಸದ ಸಮೇತ ಕಳಚಿಹಾಕುತ್ತದೆ. "ಹಾವು ಪೊರೆ ಬಿಡ್ತದಲ್ಲ, ಹಾಗೆ" ಅಂತ ಮೇಷ್ಟ್ರಿಗೆ ತಕ್ಷಣ ಅರ್ಥವಾಯಿತು. ಮದ್ದು ಇಷ್ಟೇ: ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರನ್ನು ಸ್ವಲ್ಪ ಅದರ ಕಡೆ ತಿರುಗಿಸಿ, ಸುಮ್ನೆ ಇರುವುದು.

ಆದರೆ ಸುಮ್ನಿರಲು ಮನೆಗೆ ಮಾವ ಬಂದಿರಬಾರದು, ಅಲ್ವಾ?

ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. "ಇದಕ್ಕೆ ಒಂದು ಕೊಟ್ಟೆ ಕಟ್ಟಿದ್ರೆ ಹೇಗೆ?" ಅಂದರು. ಕೊಟ್ಟೆ ಅಂದರೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕಟ್ಟುವ ಹೊದಿಕೆ. ನೀರೊಳಗಿನ ಜೀವಕ್ಕೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವ ಐಡಿಯಾ ಅವರಿಗೆ ಮಾತ್ರ ಬರಬೇಕು. ಆಮೇಲೆ ಟ್ಯಾಂಕ್ ಕೆಳಗಿನ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

"ಇದೆಂತ?"

"ಸುಣ್ಣ ಮಾವ. ಶುದ್ಧ ಸುಣ್ಣ. ತಿಳಿ ಮಾಡಿ ಹನಿ ಹನಿ ಬಿಟ್ಟರೆ ನೀರಿಗೆ ಕ್ಯಾಲ್ಸಿಯಂ ಸಿಗುತ್ತದೆ."

ಮಾವನ ಮುಖ ಬೆಳಗಿತು. "ಹೌದಾ! ಹಾಗಾದ್ರೆ ಅರ್ಧ ಬೋರ್ಡೋ ಆಗಲೇ ಇದೆಯಲ್ಲ. ಸ್ವಲ್ಪ ಮೈಲುತುತ್ತ ಸೇರಿಸಿದ್ರೆ ಮುಗೀತು."

ನನ್ನ ಎದೆ ಧಸಕ್ಕೆಂದಿತು. ಬೋರ್ಡೋ ಅಂದರೆ ಕೊಳೆ ಬಾರದ ಹಾಗೆ ಅಡಿಕೆಗೆ ಹೊಡೆಯುವ ಔಷಧಿ. ಅದರ ವಿಷಯದಲ್ಲಿ ಮಾವನಿಗೆ ಇರುವುದು ಭಕ್ತಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದದ್ದನ್ನು, ಈ ಮದ್ದು ಹೇಳಿಕೊಟ್ಟದ್ದನ್ನು ಮಾವ ಮನೆ ಹಿರಿಯರ ಕಥೆಯ ಹಾಗೆ ಹೇಳುತ್ತಾರೆ. ಅಡಿಕೆಗೆ ಅದು ಅಮೃತವೇ ಇರಬಹುದು. ಆದರೆ ಮೈಲುತುತ್ತ ಅಂದರೆ ತಾಮ್ರ, ತಾಮ್ರ ಅಂದರೆ ಹವಳಕ್ಕೆ ಯಮ. ಒಮ್ಮೆ ಟ್ಯಾಂಕಿಗೆ ಬಿದ್ದರೆ ಕಲ್ಲು, ಮರಳಿಗೆಲ್ಲ ಹಿಡಿದುಕೊಂಡು ಕೂರುತ್ತದೆ. ಇದನ್ನೆಲ್ಲ ಹೇಳುತ್ತಿದ್ದಾಗಲೇ ಮಾವನ ಅಂಗಿಯ ತೋಳು ಕಣ್ಣಿಗೆ ಬಿತ್ತು. ಮೊಣಕೈವರೆಗೂ ತಿಳಿನೀಲಿ ಚುಕ್ಕೆಗಳು. ಉಗುರಿನ ಸಂದಿಯಲ್ಲೂ ನೀಲಿ. ಆ ಕೈ ನಿಧಾನಕ್ಕೆ ಟ್ಯಾಂಕಿನ ಕಡೆ ಹೊರಟಿತ್ತು.

"ಮುಟ್ಟಬೇಡಿ ಮಾವ!"

ಕೂಗಿದ ರಭಸಕ್ಕೆ ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದು ಓಡಿಬಂದಳು. ಮಾವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದೆ. "ನಿನ್ನ ಮದುವೇಲಿ ಧಾರೆ ಎರೆಯೋವಾಗ್ಲೂ ಇಷ್ಟು ತೊಳ್ದಿರ್ಲಿಲ್ಲ" ಅಂತ ಗೊಣಗಿದರು.

ಮುನಿಸು ಜಾಸ್ತಿ ಹೊತ್ತು ಇರಲಿಲ್ಲ. "ಸುಣ್ಣ ಸಾಕಾಗಿದೆಯಾ ಅಂತಾದ್ರೂ ನೋಡೋಣ. ಒಂದು ಕತ್ತಿ ಕೊಡು" ಅಂದರು. ತೋಟದವರಿಗೆ ಗೊತ್ತು: ಕಲಸಿದ ಬೋರ್ಡೋ ಒಳಗೆ ಹೊಳೆಯುವ ಕತ್ತಿ ಒಂದು ನಿಮಿಷ ಅದ್ದಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಕಮ್ಮಿ, ಇನ್ನಷ್ಟು ಹಾಕಬೇಕು. ಹೆಂಡತಿ ತರಕಾರಿ ಚಾಕು ಕೊಟ್ಟಳು. ಮಾವ ಬೆರಳಿಂದ ತಟ್ಟಿ ನೋಡಿ ವಾಪಸ್ ಕೊಟ್ಟರು. "ಇದು ಸ್ಟೀಲು. ಇದರಲ್ಲಿ ಬರಲ್ಲ. ಕಬ್ಬಿಣದ್ದು ಬೇಕು." ಪೇಟೆ ಮನೆಯಲ್ಲಿ ಕಬ್ಬಿಣದ ಕತ್ತಿ ಎಲ್ಲಿ? ಪಕ್ಕದ ಮನೆ ಕಾಂಪೌಂಡ್ ಬಳಿ ನಿಂತು ಮಾವನೇ ಕೂಗಿದರು. ಮೇಷ್ಟ್ರು ಕಾಯಿ ಸುಲಿಯುವ ಕತ್ತಿ ಹಿಡಿದು, ಪತ್ನಿ ಸಮೇತ ಬಂದರು. "ಎಂತ ಕೊಯ್ತೀರಿ?"

ಟ್ಯಾಂಕಿಗೆ ಇಳಿಸಲು ಬಿಡಲಿಲ್ಲ. ಒಂದು ಚೊಂಬು ನೀರು ತೆಗೆದು ಕೊಟ್ಟೆ, ಏನಾದರೂ ಮಾಡಿಕೊಳ್ಳಲಿ ಅಂತ. ಮಾವ ಅದನ್ನು ಟೀಪಾಯ್ ಮೇಲಿಟ್ಟು, ಕತ್ತಿಯನ್ನು ಬೂದಿ ಹಾಕಿ ತಿಕ್ಕಬೇಕಿತ್ತು ಅಂತ ಪೇಚಾಡಿ, ಲುಂಗಿಯ ತುದಿಯಲ್ಲೇ ಒರೆಸಿ, ಅದ್ದಿದರು. ವಾಚ್ ನೋಡಲು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಪರೀಕ್ಷೆ ಹಾಲ್‌ನಲ್ಲಿ ನಿಂತವರ ಹಾಗೆ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟರು. ಐದು ಜನ ಒಂದು ಚೊಂಬಿನ ಸುತ್ತ ನಿಂತಿದ್ದೇವೆ. ಯಾರೂ ಮಾತಾಡುತ್ತಿಲ್ಲ. ಮೇಷ್ಟ್ರ ಪತ್ನಿ ಯಾಕೋ ಕೈ ಮುಗಿದುಕೊಂಡಿದ್ದರು.

"ಆಯ್ತು" ಅಂದರು ಮೇಷ್ಟ್ರು. ಮಾವ ಕತ್ತಿಯನ್ನು ಮೇಲೆತ್ತಿ ಟ್ಯೂಬ್‌ಲೈಟಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿದರು. ತಾಮ್ರವೇ ಇಲ್ಲದ ನೀರಲ್ಲಿ ತಾಮ್ರ ಎಲ್ಲಿಂದ ಹತ್ತಬೇಕು? "ಕೆಂಪು ಬಂದಿಲ್ಲ. ಸುಣ್ಣ ಸರಿ ಇದೆ" ಅಂತ ಘೋಷಿಸಿದರು. ಸಾವಿರಾರು ರೂಪಾಯಿ ಕೊಟ್ಟು ತಂದ ನನ್ನ ಕಿಟ್ ಹೇಳಿದ್ದೂ ಅದನ್ನೇ. ಅದೇ ನನಗೆ ಹೊಟ್ಟೆ ಉರಿದದ್ದು. ಅಷ್ಟಕ್ಕೇ ಮುಗಿದಿದ್ದರೆ ಸರಿ. "ದುಬಾರಿ ನೀರು, ಯಾಕೆ ಹಾಳು ಮಾಡೋದು" ಅಂತ ಮಾವ ಆ ಚೊಂಬನ್ನು ತೆಗೆದು, ನಾನು ಬಾಯಿ ತೆರೆಯುವಷ್ಟರಲ್ಲಿ ಸರಕ್ಕನೆ ಟ್ಯಾಂಕಿಗೇ ಸುರಿದುಬಿಟ್ಟರು. ಕಾಯಿ ಸಿಪ್ಪೆ, ಲುಂಗಿಯ ನೀಲಿ, ಕತ್ತಿಯ ತುಕ್ಕು, ಎಲ್ಲ ಸೇರಿ.

ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಸಂಬಂಧ ಉಳಿಯುತ್ತಿರಲಿಲ್ಲ. ನೀರಿನ ಕಲ್ಮಶ ಹೀರುವ ಕಾರ್ಬನ್ ಚೀಲ ಇಳಿಬಿಟ್ಟು, ನೀರು ಬದಲಿಸಲು ಉಪ್ಪು ಕಲಸಲು ಶುರು ಮಾಡಿದೆ. ಆಗ ಕರೆಂಟ್ ಹೋಯಿತು.

ಎಲ್ಲೋ ಲೈನ್ ಮೇಲೆ ಮರ ಬಿದ್ದಿದೆಯಂತೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸುದ್ದಿಯೇ ಅಲ್ಲ. ಪಂಪ್ ನಿಂತರೆ ನೀರು ಓಡುವುದಿಲ್ಲ, ನೀರು ಓಡದಿದ್ದರೆ ಗಾಳಿ ಕರಗುವುದಿಲ್ಲ. ಬ್ಯಾಟರಿ ಏರ್‌ಪಂಪ್ ಹಚ್ಚಿ, ಮೊಂಬತ್ತಿ ಇಟ್ಟುಕೊಂಡು ಕೂತೆ. ಕೊನೇ ಬಸ್ಸೂ ತಪ್ಪಿದ್ದರಿಂದ ಮಾವನೂ ಕೂತರು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ತುಂಬಾ ಹೊತ್ತು ಸುಮ್ಮನಿದ್ದವರು, "ನಿನ್ನ ಸಮುದ್ರ ಆಗಬಹುದು ಮಾರಾಯ" ಅಂದರು. "ಬಿಸಿಲಿಗೊಂದು ಸ್ವಿಚ್ಚು, ಅಲೆಗೊಂದು ಸ್ವಿಚ್ಚು. ನನ್ನ ತೋಟದಲ್ಲಿ ಮಳೆ ನಿಲ್ಲಿಸೋಕೆ ಒಂದು ಸ್ವಿಚ್ಚಿದ್ದಿದ್ರೆ..." ಎರಡನೇ ಸಲ ಔಷಧಿ ಹೊಡೆಯೋಕೆ ಈ ವರ್ಷ ಮಳೆ ಹೊಳವೇ ಕೊಟ್ಟಿಲ್ಲ, ಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬಿದ್ದಿದೆ ಅಂತ ಆಗ ಹೇಳಿದರು. ಸಂಜೆಯಿಂದ ಅಷ್ಟೆಲ್ಲ ಕೊಳೆ ಕೊಳೆ ಅಂದವರು, ಅದೊಂದನ್ನು ಮಾತ್ರ ಅಲ್ಲಿವರೆಗೆ ಹೇಳಿರಲಿಲ್ಲ. ನಾನು ಹೋಗಿ ಇನ್ನೊಂದು ಸಲ ಕಾಫಿಗೆ ಇಟ್ಟೆ.

ಬೆಳಿಗ್ಗೆ ಕರೆಂಟ್ ಬಂತು, ಮಾವ ಹೋದರು. ಆಮೇಲೆ ಒಂದು ದಿನ ಹವಳದ ಅಂಚಲ್ಲಿ ಪದರ ಎದ್ದು ಪಟಪಟ ಆಡಿತು, ಹರಿದು ಹರಿದು ತೇಲಿಹೋಯಿತು. ಅಡಿಯಲ್ಲಿ ಹೊಸ ಮೈ. ಚುಕ್ಕೆ ಚುಕ್ಕೆಯಾಗಿ ಪಾಲಿಪ್ ಹೊರಗೆ ಬರತೊಡಗಿತು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹಾಕಬಾರದಿತ್ತು. ಈಗ ತೀರ್ಥಹಳ್ಳಿಯಿಂದ ಸಾಗರದವರೆಗೆ ನೆಂಟರಿಗೆಲ್ಲ ಗೊತ್ತಿರುವುದು, ಹವಳ ಸಾಯುತ್ತಿತ್ತು, ಮಾವ ಕತ್ತಿ ಅದ್ದಿ ನೋಡಿ ಉಳಿಸಿದರು ಅಂತ. ಸಾಗರದ ಚಿಕ್ಕಮ್ಮ ತಮ್ಮ ಗೋಲ್ಡ್‌ಫಿಶ್ ಮಂಕಾಗಿದೆ ಅಂತ ನನ್ನ ಕೇಳದೆ ಅವರಿಗೆ ಫೋನ್ ಮಾಡಿದ್ದಾರೆ.

ನಿನ್ನೆ ರಾತ್ರಿ ಮಾವನದ್ದೇ ಫೋನ್. ಸೋಮವಾರ ಮಂಡಿಗೆ ಬರ್ತಾರಂತೆ, ಹಾಗೇ ಮನೆಗೂ. "ಕತ್ತಿ ಹುಡುಕಬೇಡ ಮಾರಾಯ, ಈ ಸಲ ನಾನೇ ತರ್ತೇನೆ. ಆ ಮೇಷ್ಟ್ರದ್ದು ತುಕ್ಕು."