ಹಳೆ ಗಾಡಿ ಓಡಬೇಕು, ಷೋಕೇಸಲ್ಲಿ ಕೂರಬಾರದು

ಹಳೆ ಮೋಟಾರ್‌ಸೈಕಲ್ಲಿಗೆ ಥಳಥಳ ಹೊಳೆಯುವ ಪೇಂಟ್ ಹೊಡೆಸಿ, ಮನೆ ಹಾಲ್‌ನಲ್ಲಿ ನಿಲ್ಲಿಸಿ, ಬಂದವರಿಗೆಲ್ಲ ತೋರಿಸುವ ಅಭ್ಯಾಸ ಈಗ ಜಾಸ್ತಿಯಾಗಿದೆ. ನನಗೆ ಇದು ಸರಿ ಕಾಣುವುದಿಲ್ಲ. ಗಾಡಿ ಅಂದ ಮೇಲೆ ಓಡಬೇಕು. ಸ್ವಲ್ಪ ಎಣ್ಣೆ ಸೋರಿದರೂ ಪರವಾಗಿಲ್ಲ, ಆಗಾಗ ರಸ್ತೆಗೆ ಇಳಿಯಬೇಕು. ನಲವತ್ತು ದಾಟಿದ ಮೇಲೆ ಹಳೆ ಯೆಜ್ಡಿಯೊಂದನ್ನು ಮನೆಗೆ ತಂದು, ಅದರ ಜೊತೆ ಏಗಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೈಸೂರಲ್ಲಿ ಬೆಳೆದವರಿಗೆ ಜಾವಾ, ಯೆಜ್ಡಿ ಅಂದರೆ ಊರಿನ ಗಾಡಿ. ರುಸ್ತುಂ ಇರಾನಿ, ಫರೋಖ್ ಇರಾನಿ ಅವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1960ರಲ್ಲಿ ಐಡಿಯಲ್ ಜಾವಾ ಕಟ್ಟಿದರು. ಯಾದವಗಿರಿಯ ಫ್ಯಾಕ್ಟ್ರಿಯಿಂದ 1961ರಲ್ಲಿ ಗಾಡಿಗಳು ಹೊರಬರಲು ಶುರುವಾದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಅಂತಾಯಿತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂತು. 1996ರಲ್ಲಿ ಫ್ಯಾಕ್ಟ್ರಿ ಬಾಗಿಲು ಹಾಕಿತು. ನಮ್ಮ ಬೀದಿಯಲ್ಲೇ ಅಲ್ಲಿಗೆ ಕೆಲಸಕ್ಕೆ ಹೋಗುವವರಿದ್ದರು. ನಮ್ಮ ಸೋದರಮಾವನ ಹತ್ತಿರ ಮರೂನ್ ಬಣ್ಣದ ಜಾವಾ ಇತ್ತು. ಅವರು ಬೀದಿ ತಿರುವಿಗೆ ಬರುವಾಗಲೇ ಅಡುಗೆಮನೆಯಲ್ಲಿ ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಆ ಶಬ್ದ ಬೇರೆ ಯಾವ ಗಾಡಿಗೂ ಇರಲಿಲ್ಲ.

ಆಮೇಲೆ ಕೆಲಸ, ಬೆಂಗಳೂರು, ಸಾಲದ ಕಂತು. ಕೀ ತಿರುಗಿಸಿ ಬಟನ್ ಒತ್ತಿದರೆ ಹೊರಡುವ ಗಾಡಿಗಳು ಬಂದವು, ಮಾರಿದೆ, ಮತ್ತೊಂದು ಕೊಂಡೆ. ಒಂದರ ಎಂಜಿನ್ ಒಳಗೆ ಏನಿದೆ ಅಂತಲೂ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಮತ್ತೆ ಆಸೆ ಚಿಗುರಿದ್ದು ಮೈಸೂರಿನ ಒಂದು ಸಣ್ಣ ಗ್ಯಾರೇಜಿನಲ್ಲಿ. ಗೋಣಿಚೀಲದ ಮೇಲೆ ಯೆಜ್ಡಿ ಎಂಜಿನ್ ಬಿಚ್ಚಿಟ್ಟಿದ್ದರು. ಮೆಕ್ಯಾನಿಕ್ ವಯಸ್ಸಾದವರು, ಹಿಂದೆ ಫ್ಯಾಕ್ಟ್ರಿಯ ಅಸೆಂಬ್ಲಿಯಲ್ಲಿದ್ದವರು. ನಾನು ನಿಂತು ನೋಡುವುದನ್ನು ಕಂಡು ಒಂದೊಂದೇ ಭಾಗ ಕೈಗೆ ಕೊಟ್ಟು ತೋರಿಸಿದರು. ಸಿಲಿಂಡರ್ ಒಂದೇ, ಆದರೆ ಹೊಗೆ ಹೋಗಲು ಎರಡು ದಾರಿ. ಅದಕ್ಕೇ ಎರಡು ಸೈಲೆನ್ಸರ್. ಚಿಕ್ಕಂದಿನಿಂದ ಕೇಳಿದ್ದ ಶಬ್ದದ ಗುಟ್ಟು ಅವತ್ತು ನನಗೆ ಗೊತ್ತಾಯಿತು. ಆ ಖುಷಿಯಲ್ಲೇ ಗಾಡಿ ಹುಡುಕಲು ಶುರು ಮಾಡಿದೆ.

ಯೆಜ್ಡಿ ಓಡಿಸದವರಿಗೆ ಒಂದು ವಿಷಯ ಹೇಳಲೇಬೇಕು. ಇದರಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಎಡಗಡೆ ಇರುತ್ತದೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್. ಇನ್ನೂ ಚೆಂದದ ವಿಷಯ, ಗೇರ್ ಲಿವರ್ ಒತ್ತುವಾಗ ಒಳಗಿನ ಕ್ಲಚ್ಚೂ ತಾನೇ ಬಿಡುತ್ತದೆ. ಓಡುತ್ತಿರುವಾಗ ಕೈಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಅಷ್ಟು ವರ್ಷದ ಹಿಂದೆ, ಕಂಪ್ಯೂಟರ್ ಇಲ್ಲದೆ, ಬರೀ ಕಬ್ಬಿಣದ ತುಂಡುಗಳಲ್ಲಿ ಇದನ್ನು ಮಾಡಿದ್ದರು!

ಪಾಯಿಂಟ್ಸ್ ಸೆಟ್ ಮಾಡುವುದು ಇನ್ನೊಂದು ಕಥೆ. ಪ್ಲಗ್ಗಿಗೆ ಕರೆಂಟ್ ಯಾವಾಗ ಹೋಗಬೇಕು ಅಂತ ನಿರ್ಧರಿಸುವುದು ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು. ಬಲಗಡೆಯ ಕವರ್ ಬಿಚ್ಚಿ, ಸಂದು ಅಳೆಯುವ ಫೀಲರ್ ಗೇಜಿನ ತೆಳು ತಗಡನ್ನು ಆ ಸಂದಿಗೆ ತೂರಿಸಿ, ಸ್ಕ್ರೂ ಒಂದು ಕೂದಲಷ್ಟು ತಿರುಗಿಸಿ ನೋಡಬೇಕು. ತಗಡು ಸಲೀಸಾಗಿ ಜಾರಲೂಬಾರದು, ಸಿಕ್ಕಿಹಾಕಿಕೊಳ್ಳಲೂಬಾರದು, ಸ್ವಲ್ಪ ಹಿಡಿದು ಬಿಡಬೇಕು. ಆ ಹಿಡಿತ ಎಷ್ಟು ಅಂತ ಯಾರೂ ಬಾಯಲ್ಲಿ ಹೇಳಿಕೊಡಲಾರರು. ಗ್ಯಾರೇಜಿನ ಆ ಹಿರಿಯ ಮೆಕ್ಯಾನಿಕ್, ನಮ್ಮ ಯಜಮಾನರು, ನನ್ನ ಕೈಯಲ್ಲೇ ಮಾಡಿಸಿದರು. ಗಾಡಿ ನಿಂತರೆ ಎಲ್ಲರೂ ಮೊದಲು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚುತ್ತಾರೆ. ಅವರು ಬಿಡುತ್ತಿರಲಿಲ್ಲ. "ಮೊದ್ಲು ಕರೆಂಟು ನೋಡಿ ಸಾರ್, ಆಮೇಲೆ ಪೆಟ್ರೋಲು" ಅನ್ನುತ್ತಿದ್ದರು. ಪ್ಲಗ್ ಬಿಚ್ಚು, ಅದನ್ನು ಎಂಜಿನ್ ಹೆಡ್‌ಗೆ ತಾಗಿಸಿ ಹಿಡಿ, ಕಿಕ್ ಹೊಡಿ. ನೀಲಿ ಕಿಡಿ ಕಂಡರೆ ಕರೆಂಟ್ ಸರಿ ಇದೆ. ಇಲ್ಲದಿದ್ದರೆ ಪಾಯಿಂಟ್ಸ್‌ಗೆ ಉಪ್ಪು ಕಾಗದ ಹಾಕು.

ನನ್ನ ಪ್ರಕಾರ ದೊಡ್ಡವರಾದ ಮೇಲಿನ ಪ್ರೀತಿ ಇದೇ. ಚಿಕ್ಕಂದಿನಲ್ಲಿ ಶಬ್ದ, ಬಣ್ಣ, ಮಾವನ ಬೆನ್ನ ಹಿಂದೆ ಕೂರುವ ಗಮ್ಮತ್ತು ಸಾಕಿತ್ತು. ಈಗ ಗಾಡಿ ಯಾಕೆ ನಿಂತಿತು ಅಂತ ನಾನೇ ಹುಡುಕಿ ಸರಿ ಮಾಡಬಹುದು. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಸಿಕ್ಕಿಲ್ಲ.

ಅದಕ್ಕೇ ರೀಸ್ಟೋರೇಷನ್ ಹೆಸರಿನಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಫ್ಯಾಕ್ಟ್ರಿಯಲ್ಲಿ ಹೊಡೆದ ಪೇಂಟು, ಟ್ಯಾಂಕಿನ ಮೇಲಿನ ಗೆರೆ, ಎಲ್ಲವನ್ನೂ ಉಜ್ಜಿ ತೆಗೆದು, ಅದಕ್ಕಿಲ್ಲದ ಬಣ್ಣ ಹೊಡೆದು ರೇಟ್ ಏರಿಸುತ್ತಾರೆ. ಹಾಳಾಗದೆ ಉಳಿದ ಹಳೆ ಪೇಂಟ್ ಸ್ವಲ್ಪ ಮಾಸಿದ್ದರೂ ಹಾಗೇ ಬಿಡಿ. ಹೊಸ ಪೇಂಟ್ ಯಾವತ್ತು ಬೇಕಾದರೂ ಹೊಡೆಸಬಹುದು, ಮೂಲದ್ದು ಹೋದರೆ ಹೋಯಿತು. ಅದೇ ದುಡ್ಡಲ್ಲಿ ಕ್ರ್ಯಾಂಕ್ ಬೇರಿಂಗ್, ಬ್ರೇಕ್ ಲೈನರ್, ವೈರಿಂಗ್ ಮಾಡಿಸಿ.

ಹೊಗೆಯ ವಿಷಯ ಮುಚ್ಚಿಡಬಾರದು. ಇದು ಟೂ ಸ್ಟ್ರೋಕ್. ಪೆಟ್ರೋಲ್ ಜೊತೆಗೆ ಲೀಟರಿಗೆ 30–40 ಮಿಲಿ ಆಯಿಲ್ ಬೆರೆಸಬೇಕು, ಅದು ಸುಟ್ಟು ಹೊಗೆಯಾಗಿ ಹೊರಗೆ ಬರುತ್ತದೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇದನ್ನು ಓಡಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಭಾನುವಾರ ಬೆಳಗ್ಗೆ ಊರಾಚೆ ಒಂದು ಸುತ್ತು ಸಾಕು. ಆದರೆ ಆ ಸುತ್ತು ಬೇಕೇ ಬೇಕು. ನಿಂತ ಗಾಡಿಯಲ್ಲಿ ಆಯಿಲ್ ಸೀಲ್ ಒಣಗುತ್ತದೆ, ಕ್ಲಚ್ ಪ್ಲೇಟ್ ಅಂಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ಹಳೆ ರಬ್ಬರ್ ಪೈಪನ್ನು ಕೆಡಿಸುತ್ತದೆ, ನೀರು ಹೀರಿಕೊಂಡು ಟ್ಯಾಂಕ್ ಒಳಗೆ ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಇವೆಲ್ಲ ಒಟ್ಟಿಗೇ ಕೈಕೊಡುತ್ತವೆ.

ಕಾನೂನಿನ ಕಡೆಯಿಂದಲೂ ಒಂದು ತೊಡಕಿದೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಪ್ಲೇಟ್ ಮೇಲೆ ವಿಎ ಅನ್ನುವ ಅಕ್ಷರ. ಹಳೆ ಗಾಡಿಗಳನ್ನು ಗುರುತಿಸಿದ್ದು ಒಳ್ಳೆಯದೇ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಅರವತ್ತರ ದಶಕದ ಜಾವಾ ಇರುವವರು ಈ ದಾರಿ ಹಿಡಿಯುವ ಮುಂಚೆ ಇದನ್ನು ಯೋಚಿಸಬೇಕು. ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಿಕೊಂಡು ಹೋದರೆ ಮನಸ್ಸು ಬಂದಾಗ ಶ್ರೀರಂಗಪಟ್ಟಣಕ್ಕೆ ಹೋಗಿ ಬರಬಹುದು, ಅಲ್ವಾ?

ನನಗೆ ಹೆಚ್ಚು ಚಿಂತೆ ಇರುವುದು ಗಾಡಿಗಳ ಬಗ್ಗೆ ಅಲ್ಲ, ಕೈಗಳ ಬಗ್ಗೆ. ಫ್ಯಾಕ್ಟ್ರಿ ಮುಚ್ಚಿದಾಗ ನಡುವಯಸ್ಸಿನಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಸ್ಪೇರ್ ಪಾರ್ಟ್ಸ್ ಹೇಗೋ ಸಿಗುತ್ತವೆ, ಹೊಸದಾಗಿ ಮಾಡುವವರೂ ಇದ್ದಾರೆ. ಆದರೆ ಪಿಸ್ಟನ್ ಮುಟ್ಟಿ ನೋಡಿ ಎಷ್ಟು ಸವೆದಿದೆ ಅಂತ ಹೇಳುವವರು ಎಷ್ಟು ಜನ ಉಳಿದಿದ್ದಾರೆ? ಅವರ ಹತ್ತಿರ ಹುಡುಗರು ಕೆಲಸಕ್ಕೆ ಸೇರುತ್ತಿಲ್ಲ. ಗಾಡಿ ಬಿಟ್ಟು ಹೋಗಿ ಸಂಜೆ ಬಂದು ತಗೊಂಡು ಹೋಗುವ ಬದಲು, ನಾವು ಪಕ್ಕದಲ್ಲಿ ಕೂತು ಕಲಿಯಬೇಕು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಬೇಕು. ಮಜೂರಿಯಲ್ಲಿ ಚೌಕಾಸಿ ಮಾಡಬಾರದು.

ನಿಮ್ಮ ಮನೆ ಹಿತ್ತಲಲ್ಲೋ ಊರ ಮನೆಯ ಕೊಟ್ಟಿಗೆಯಲ್ಲೋ ಅಪ್ಪನ ಕಾಲದ ಗಾಡಿ ನಿಂತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಆರ್‌ಸಿ ಹುಡುಕಿ, ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡಿ. ಸುಮ್ನೆ ಕಿಕ್ ಹೊಡೆಯಲು ಹೋಗಬೇಡಿ, ಒಳಗೆ ಪಿಸ್ಟನ್ ಹಿಡಿದಿರಬಹುದು. ಪ್ಲಗ್ ತೆಗೆದು ಸ್ವಲ್ಪ ಆಯಿಲ್ ಬಿಟ್ಟು ಒಂದು ದಿನ ಹಾಗೇ ಬಿಡಿ. ಟ್ಯಾಂಕಿನ ಹಳೆ ಪೆಟ್ರೋಲ್ ಖಾಲಿ ಮಾಡಿಸಿ. ಮೈಸೂರಿನ ಸುತ್ತಮುತ್ತ ಇದ್ದರೆ ಇನ್‌ಬಾಕ್ಸ್ ಮಾಡಿ, ಯಜಮಾನರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.